ಜಾಮೀನು ಕೊಂಬೆ

ಕಡ್ಡಿಯಕ್ಕನನ್ನು ನಾನು ಮೊದಲು ಕಂಡದ್ದು ಶಾಲೆಗೆ ಹೊಸದಾಗಿ ಸೇರಿದ ದಿನ. ಬೆಳಗಿನ ಗಂಟೆ ಹೊಡೆಯಲು ಇನ್ನೂ ಸಮಯವಿತ್ತು. ಗೇಟಿನ ಬಳಿ ನಿಂತು ಅಂಗಿಯ ತೋಳು ಸರಿಮಾಡಿಕೊಳ್ಳುತ್ತಿದ್ದೆ. ತಲೆಯ ಮೇಲೆ ಕಡ್ಡಿಗಳ ಹೊರೆ ಹೊತ್ತ ಸಣಕಲು ಹೆಂಗಸೊಬ್ಬಳು ಒಳಗೆ ಬಂದಳು. ಎರಡು ಬೆರಳು ಸೇರಿಸಿದಷ್ಟು ದಪ್ಪದ, ಬೂದು ಬಣ್ಣದ, ಒಂದು ಎಲೆಯೂ ಇಲ್ಲದ ಮೊಂಡು ಕಡ್ಡಿಗಳು. ಹೊಸ ಮೇಷ್ಟ್ರ ಹುರುಪಿನಲ್ಲಿ ನಾನು, "ಸೌದೆ ಅಡುಗೆ ಕೋಣೆಗೆ ತಾನೇ? ಆ ಕಡೆ ಹಾಕಮ್ಮ" ಎಂದು ಕೈ ತೋರಿಸಿದೆ.

ಆಕೆ ಹೊರೆಯನ್ನು ನಿಧಾನವಾಗಿ ಇಳಿಸಿದಳು. ಒಂದು ಕಡ್ಡಿಯನ್ನು ಎಳೆದು ನನ್ನ ಮುಖದ ಮುಂದೆ ಹಿಡಿದಳು.

"ಮೇಷ್ಟ್ರೇ, ಇದನ್ನ ಉರಿಸಿದ್ರೆ ಹೊಗೆ ಬರುತ್ತೆ, ನೆಟ್ರೆ ಹೂ ಬರುತ್ತೆ. ನಿಮಗೆ ಯಾವ್ದು ಬೇಕು ಹೇಳಿ, ಅದನ್ನೇ ಮಾಡ್ತೀನಿ."

ಗೇಟಿನ ಬಳಿಯಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಪಾಠ ಹೇಳಲು ಬಂದವನು ಮೊದಲ ದಿನವೇ ಪಾಠ ಹೇಳಿಸಿಕೊಂಡು ಪೆಚ್ಚಾಗಿ ಒಳಗೆ ನಡೆದೆ. ಆ ಕಡ್ಡಿಗಳು ದೇವಕಣಗಿಲೆಯವು. ಮೂರು ವರ್ಷ ಕಳೆದ ಮೇಲೆ ಶಾಲೆಯ ಕಾಂಪೌಂಡಿನುದ್ದಕ್ಕೂ ಬಿಳಿ ಹೂಗಳು ಉದುರತೊಡಗಿದವು. ಆಗ ಆಕೆ ನನ್ನ ತರಗತಿಯ ಕಿಟಕಿಯೊಳಗೆ ತಲೆ ಹಾಕಿ, "ಸೌದೆ ಹೇಗಿದೆ ಮೇಷ್ಟ್ರೇ?" ಎಂದು ಕೇಳಿ ಹೋದಳು.

ನೋಡಲು ಕಡ್ಡಿಯಂತೆ ಇದ್ದುದರಿಂದಲೋ, ಸದಾ ಕಡ್ಡಿ ನೆಡುತ್ತಿದ್ದುದರಿಂದಲೋ, ಮಾತು ಕಡ್ಡಿ ಮುರಿದಂತೆ ಇದ್ದುದರಿಂದಲೋ, ಎಲ್ಲರೂ ಆಕೆಯನ್ನು ಕಡ್ಡಿಯಕ್ಕ ಎನ್ನುತ್ತಿದ್ದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಆ ಹೆಸರು ಕೂಗಿದರೆ ಆಕೆಯೇ ತಿರುಗಿ ನೋಡುತ್ತಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಆದರೂ ನಾನೂ ಅಕ್ಕ ಎಂದೇ ಕರೆದೆ.

ವಾರಕ್ಕೆ ಮೂರು ದಿನ ಶಾಲೆಯ ತೋಟದ ಕೆಲಸ. ಉಳಿದ ದಿನ ತನ್ನ ಮನೆಯ ಹಿತ್ತಿಲಲ್ಲಿ ದೇವಕಣಗಿಲೆಯ ಸಸಿ ಬೆಳೆಸುವುದು, ಕರೆದವರ ಮನೆಗೆ ಹೋಗಿ ನೆಡುವುದು, ಬೆಳೆದ ಮರವನ್ನು ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ಸಾಗಿಸುವುದು. ಆ ಕೆಲಸದಲ್ಲಿ ಆಕೆಗೆ ಮೂರು ಕಟ್ಟಳೆಗಳಿದ್ದವು. ಕತ್ತರಿಸಿದ ಕೊಂಬೆಯಾಗಲಿ, ಕಿತ್ತ ಮರದ ಬೇರಾಗಲಿ, ಗಾಯದಿಂದ ಸೋರುವ ಹಾಲು ನಿಂತು ಒಣಗುವವರೆಗೆ ಹತ್ತು ದಿನ ನೆರಳಿನಲ್ಲಿರಬೇಕು. ಅವಸರಪಟ್ಟು ಹಸಿ ಗಾಯವನ್ನು ಒದ್ದೆ ಮಣ್ಣಿಗಿಟ್ಟರೆ ಒಳಗಿನಿಂದ ಕೊಳೆಯುತ್ತದೆ. ಎರಡನೆಯದು, ಕೀಳುವ ಮೊದಲು ಕಾಂಡದ ಪೂರ್ವದ ಮಗ್ಗುಲಿಗೆ ಸುಣ್ಣದ ಗುರುತು ಹಾಕಬೇಕು. ಹೊಸ ಜಾಗದಲ್ಲಿಯೂ ಆ ಮಗ್ಗುಲು ಪೂರ್ವಕ್ಕೇ ಇರಬೇಕು. ಇಲ್ಲವಾದರೆ ಬಿಸಿಲು ಕಂಡರಿಯದ ತೊಗಟೆ ಸುಟ್ಟುಹೋಗುತ್ತದೆ. ಮೂರನೆಯದೇ ಜಾಮೀನು ಕೊಂಬೆ. ಮರಕ್ಕೆ ಗುದ್ದಲಿ ತಾಗಿಸುವ ಮುನ್ನ ಒಂದು ಒಳ್ಳೆಯ ಕೊಂಬೆಯನ್ನು ಕೊಯ್ದು, ತನ್ನ ಮನೆಯ ತೊಲೆಗೆ ತಲೆಕೆಳಗಾಗಿ ತೂಗುಹಾಕುತ್ತಿದ್ದಳು. ಮರ ಉಳಿದರೆ ಕೊಂಬೆ ಬೇರೆ ಯಾರಿಗೋ ಆಯಿತು. ಮರ ಹೋದರೆ ಆ ಕೊಂಬೆಯಿಂದ ಅದೇ ಮರ, ಅದೇ ಹೂ ಮತ್ತೆ ಬರುತ್ತದೆ. "ಜಾಮೀನು ಇಲ್ದೆ ನಾನು ಮರ ಕೀಳಲ್ಲ" ಎಂದು ಎಂಥವರ ಮುಖಕ್ಕೂ ಹೇಳುತ್ತಿದ್ದಳು.

ಆಕೆಯ ಗಂಡ ಲಾರಿ ಓಡಿಸುತ್ತಿದ್ದ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. "ನಾನು ಮನೆಗೆ ಬಂದ್ರೂ ಅಷ್ಟೇ ಮೇಷ್ಟ್ರೇ, ಹತ್ತು ದಿನ ನೆರಳಲ್ಲಿಟ್ಟು ಆಮೇಲೆ ಊಟಕ್ಕಿಡ್ತಾಳೆ" ಎಂದು ಆತ ನಗಿಸುತ್ತಿದ್ದ. "ನೀವು ಬೇರು ಬಿಡೋ ಜಾತಿಯಾ? ನಿಮಗೆ ಇಷ್ಟೇ ಸಾಕು" ಎಂದು ಆಕೆ ತಿರುಗಿ ಕೊಡುತ್ತಿದ್ದಳು.

ನನ್ನ ಕಣ್ಣೆದುರಿಗೆ ಮೂವತ್ತು ವರ್ಷಗಳಲ್ಲಿ ಆಕೆ ಸಾಗಿಸಿದ ಮರಗಳಲ್ಲಿ ಒಂದೂ ಸತ್ತಿರಲಿಲ್ಲ. ಸುಳ್ಳು ಹೇಳಿದ್ದನ್ನಂತೂ ನಾನು ಕೇಳಿಯೇ ಇರಲಿಲ್ಲ. ಆದುದರಿಂದಲೇ ಮುಂದಿನ ಸಂಗತಿಯನ್ನು ಬರೆಯಲು ನನಗೆ ಕೈ ಬರುತ್ತಿರಲಿಲ್ಲ. "ಬರೀರಿ ಮೇಷ್ಟ್ರೇ, ಚೆನ್ನಾಗಿರೋದನ್ನ ಮಾತ್ರ ಬರೆದ್ರೆ ಅದು ನನ್ನ ಕಥೆ ಅಲ್ಲ, ಬೇರೆ ಯಾರದ್ದೋ" ಎಂದು ಆಕೆಯೇ ಹೇಳಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದವರು ಒಬ್ಬ ಒಂಟಿ ಹೆಂಗಸು, ಟೈಲರಮ್ಮ. ಕಡ್ಡಿಯಕ್ಕನಿಗಿಂತ ಹತ್ತು ವರ್ಷ ಹಿರಿಯರು. ಶಾಲೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ. ಮುಂದಿನ ಕೋಣೆಯಲ್ಲಿ ತುಳಿಯುವ ಯಂತ್ರ, ಗೋಡೆಗೆ ಮೊಳೆ ಹೊಡೆದು ತೂಗಿಹಾಕಿದ ಕಾಗದದ ಅಳತೆಗಳು, ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಗುಂಡಿಗಳು. ಅವರು ಹೊಲಿದ ಪ್ರತಿಯೊಂದು ಬಟ್ಟೆಯ ಜೇಬಿನ ಒಳಗೆ, ಯಾರಿಗೂ ಕಾಣದಂತೆ, ಐದು ಎಸಳಿನ ಪುಟ್ಟ ಹೂವೊಂದನ್ನು ಕೆಂಪು ದಾರದಲ್ಲಿ ಹೊಲಿಯುತ್ತಿದ್ದರು. ಅದು ಅವರ ರುಜು.

ಆ ಹೂ ಅವರ ಮನೆಯಂಗಳದ ಮರದ್ದು. ದೇವಕಣಗಿಲೆಯನ್ನು ಸಾಮಾನ್ಯವಾಗಿ ಯಾರೂ ಬೀಜದಿಂದ ಬೆಳೆಸುವುದಿಲ್ಲ. ಕೊಂಬೆ ನೆಟ್ಟರೆ ತಾಯಿಮರದ ಹೂವೇ ಬರುತ್ತದೆ. ಬೀಜ ಹಾಕಿದರೆ ಏನು ಬಂದೀತೆಂದು ಹೂ ಅರಳುವವರೆಗೆ ಯಾರೂ ಹೇಳಲಾರರು. ಟೈಲರಮ್ಮನ ತಾಯಿ ಎಂದೋ ಒಡೆದ ಮಡಕೆಯಲ್ಲಿ ಬೀಜ ಹಾಕಿದ್ದರು. ಬಂದ ಹೂವಿನ ನಡುವೆ ಗಾಢ ಹಳದಿ, ಸುತ್ತ ಬಿಳಿ, ಪ್ರತಿ ಎಸಳಿನ ಅಂಚಿಗೂ ಕೆಂಪು ದಾರದಲ್ಲಿ ಹೊಲಿಗೆ ಹಾಕಿದಂತೆ ಕೂದಲೆಳೆಯ ಗೆರೆ. ಅಂಥ ಹೂ ಕಡ್ಡಿಯಕ್ಕನೂ ಬೇರೆಲ್ಲಿಯೂ ನೋಡಿರಲಿಲ್ಲ. "ಅಮ್ಮ ಫೋಟೋ ಅಂದ್ರೆ ಮಾರು ದೂರ ಓಡೋರು. ಈ ಮರ ಒಂದೇ ಉಳಿಸಿಹೋಗಿದ್ದು" ಎನ್ನುತ್ತಿದ್ದರು ಟೈಲರಮ್ಮ. ಯಾರು ಕೇಳಿದರೂ ಒಂದು ಕೊಂಬೆ ಕೊಟ್ಟವರಲ್ಲ. ಕೊಯ್ದಲ್ಲಿ ಹಾಲು ಸುರಿಯುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ.

ನಾನು ನಿವೃತ್ತನಾದ ಮರುವರ್ಷ ಆ ಮನೆಯ ಮಾಲೀಕರು ಅಂಗಳದಲ್ಲಿ ಕಾರು ನಿಲ್ಲಿಸಲು ಷೆಡ್ಡು ಕಟ್ಟುವುದಾಗಿ ಹೇಳಿದರು. ಟೈಲರಮ್ಮ ನಾಲ್ಕು ಬೀದಿ ಆಚೆ ಬೇರೆ ಮನೆ ಹಿಡಿದರು. ಮರವೂ ಜೊತೆಗೆ ಬರಬೇಕೆಂದು ಹಟ ಹಿಡಿದರು. ಕಡ್ಡಿಯಕ್ಕ ಗುದ್ದಲಿ ಹಿಡಿದು ಬಂದಳು. ಬೀದಿಯ ಹತ್ತು ಜನ ಸೇರಿದರು. ನಾನೂ ಹೋದೆ.

"ಮೇಷ್ಟ್ರೇ, ನೀವು ಸೀಮೆಸುಣ್ಣ ಹಿಡಿದ ಕೈಯೋರು. ಪೂರ್ವದ ಗುರುತು ನೀವೇ ಹಾಕಿ" ಎಂದು ಆಕೆ ಸುಣ್ಣದ ಕುಂಚ ಕೊಟ್ಟಳು. ನಾನು ಅಭ್ಯಾಸಬಲದಿಂದ ಕಾಂಡದ ಮೇಲೆ ಒಂದು ರೈಟು ಗುರುತು ಎಳೆದೆ. ಎಲ್ಲರೂ ನಕ್ಕರು. "ಮರ ಪಾಸು!" ಎಂದರು ಯಾರೋ.

ಕಡ್ಡಿಯಕ್ಕ ಕತ್ತಿ ತೆಗೆದುಕೊಂಡು ಒಂದು ಕೊಂಬೆಯತ್ತ ಕೈ ಚಾಚಿದಳು. ಟೈಲರಮ್ಮ ಆ ಕೈಯನ್ನು ಹಿಡಿದುಕೊಂಡರು.

"ಬೇಡ ಕಣೇ ಕಡ್ಡಿ. ಒಂದನ್ನೂ ಕೊಯ್ಯಬೇಡ. ಜೀವಮಾನವೆಲ್ಲಾ ಕತ್ತರಿಸೋದೇ ನನ್ನ ಕೆಲಸ, ಆದ್ರೆ ಬಟ್ಟೆಯಿಂದ ಹಾಲು ಸುರಿಯಲ್ಲ."

"ಅಕ್ಕಾ, ಜಾಮೀನು ಕೊಂಬೆ ಇಲ್ದೆ ನಾನು ಮುಟ್ಟಲ್ಲ."

"ಜಾಮೀನು ಯಾಕೆ ಬೇಕು? ನೀನೇ ಇದ್ದೀಯಲ್ಲ! ನಿನ್ನ ಕೈಲಿ ಯಾವತ್ತಾದ್ರೂ ಒಂದು ಮರ ಸತ್ತಿದೆಯಾ?"

ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. "ನಿಜ ಕಡ್ಡಿಯಕ್ಕ. ನಿನ್ನ ಕೈಗುಣಕ್ಕೆ ಒಣಗಿದ ಬಡಿಗೆಯೂ ಚಿಗುರುತ್ತೆ" ಎಂದುಬಿಟ್ಟೆ. ಹತ್ತು ಜನ ಹೌದೆಂದು ತಲೆಯಾಡಿಸಿದರು. ಕಡ್ಡಿಯಕ್ಕನ ಮುಖದ ಮೇಲೆ ಒಂದು ನಗು ಬಂದು ಹೋಯಿತು. ನಾನು ಆ ನಗುವನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಆಕೆ ಕತ್ತಿಯನ್ನು ಕೆಳಗಿಟ್ಟಳು.

ಒಂದು ಕಟ್ಟಳೆ ಮುರಿದ ಮೇಲೆ ಇನ್ನೊಂದನ್ನು ಮುರಿಯುವುದು ಸುಲಭವಾಯಿತು. ಟೈಲರಮ್ಮನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೂರನೆಯ ದಿನ ಅವರು ತಮ್ಮನ ಊರಿಗೆ ಹೋಗಿ, ಅಲ್ಲಿಯೇ ಎರಡು ತಿಂಗಳಿದ್ದು, ಒಂದು ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಗಿತ್ತು. "ಹೋಗೋ ಮುಂಚೆ ಅದು ಹೊಸ ಮನೇಲಿ ನಿಂತಿರೋದನ್ನ ನೋಡ್ಕೊಂಡು ಹೋಗ್ತೀನಿ ಕಣೇ" ಎಂದರು. ಹತ್ತು ದಿನ ನೆರಳಿನಲ್ಲಿರಬೇಕಾದ ಮರ ಮರುದಿನವೇ ಗುಂಡಿಗೆ ಇಳಿಯಿತು. ಟೈಲರಮ್ಮ ಕಾಂಡವನ್ನು ತಡವಿ ನೋಡಿ ಸಂತೋಷಪಟ್ಟರು. ಹೊರಡುವ ದಿನ ಕಡ್ಡಿಯಕ್ಕನಿಗೆ ಒಂದು ಕೊಡುಗೆ ಕೊಟ್ಟರು. ಕೆಲಸ ಮಾಡುವಾಗ ಮೇಲೆ ಹಾಕಿಕೊಳ್ಳಲು ತುಂಬು ತೋಳಿನ ದಪ್ಪ ಅಂಗಿ, ಕತ್ತಿ ಹಿಡಿಸುವಷ್ಟು ದೊಡ್ಡ ಜೇಬು. ಜೇಬಿನ ಒಳಗೆ ಕೆಂಪು ದಾರದ ಐದು ಎಸಳು.

ಮರುದಿನ ಮಳೆ ಹಿಡಿಯಿತು. ಒಂಬತ್ತು ದಿನ ಬಿಡಲಿಲ್ಲ. ಆ ಒಂಬತ್ತು ದಿನವೂ ಕಡ್ಡಿಯಕ್ಕ ಬೇರೊಂದು ಊರಿನ ಆಸ್ಪತ್ರೆಯ ಅಂಗಳದಲ್ಲಿ ಗಿಡ ನೆಡುತ್ತಿದ್ದಳು. ಹಿಂತಿರುಗಿ ಬಂದು ಟೈಲರಮ್ಮನ ಮರದ ಕಾಂಡವನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಹೋಯಿತು. ಕಪ್ಪು ನೀರು ಒಸರಿತು.

ಇದನ್ನೆಲ್ಲ ಆಕೆ ನನಗೆ ಹೇಳಿದ್ದು ಬಹಳ ತಡವಾಗಿ. ಅಂದು ಸಂಜೆಯೊಳಗೆ ಆಕೆ ಮರದ ಕೊಂಬೆಗಳನ್ನೆಲ್ಲ ತುದಿಯಿಂದ ಕೊಯ್ದು ನೋಡಿದಳಂತೆ. ಪ್ರತಿಯೊಂದರ ನಡುವೆಯೂ ಪೆನ್ಸಿಲಿನ ಸೀಸದಂತೆ ಕಪ್ಪು ಗೆರೆ. ಆದರೂ ಹನ್ನೆರಡು ತುಂಡುಗಳನ್ನು ಒಣಗಿಸಿ ಮರಳಿಗೆ ಚುಚ್ಚಿದಳು. ಹನ್ನೆರಡೂ ಕೊಳೆತವು. ಆ ನಡುವೆ ತಮ್ಮನ ಮನೆಯಿಂದ ಟೈಲರಮ್ಮನ ಫೋನು.

"ಮರ ಹೇಗಿದೆಯೇ ಕಡ್ಡಿ? ಚಿಗುರ್ತಾ?"

"ಚಿಗುರ್ತಾ ಇದೆ ಅಕ್ಕಾ."

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದವರಿಗೆ ಬೇರೆ ಏನು ಹೇಳುವುದು, ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಳಂತೆ. ಮುಂದಿನ ವಾರ ಮತ್ತೆ ಫೋನು. "ಎಷ್ಟು ಎಲೆ?" "ಆರೇಳು." ಹೀಗೆ ವಾರ ವಾರವೂ ಎಲೆಗಳು ಹೆಚ್ಚುತ್ತಾ ಹೋದವು. ಕೊನೆಗೆ ಆಡಿದ ಸುಳ್ಳಿಗೆ ತಕ್ಕ ಮರವೊಂದನ್ನು ತಂದು ನಿಲ್ಲಿಸದೆ ದಾರಿಯಿರಲಿಲ್ಲ. ಆಕೆಯ ಹಿತ್ತಿಲಲ್ಲಿ ಅದೇ ದಪ್ಪದ ಮರವೊಂದಿತ್ತು. ನಾಲ್ಕು ಕೊಂಬೆ ಬಿಟ್ಟು ಉಳಿದುದನ್ನು ಕೊಯ್ದು, ಕಟ್ಟಳೆಯಂತೆ ಹತ್ತು ದಿನ ಒಣಗಿಸಿ, ಕೈಗಾಡಿಯಲ್ಲಿ ತಂದು ಅದೇ ಗುಂಡಿಯಲ್ಲಿ ನೆಟ್ಟಳು. ಈ ಸಲ ಯಾವ ತಪ್ಪೂ ಆಗಲಿಲ್ಲ. ಮರ ಚೆನ್ನಾಗಿ ಬೇರು ಹಿಡಿಯಿತು.

ಟೈಲರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಹಿಂತಿರುಗಿದರು. "ಇದೇನೇ, ಇಷ್ಟು ಕುಳ್ಳಗಾಗಿದೆ?" ಎಂದರು.

"ಮಳೆಗೆ ಒಂದೆರಡು ಕೊಂಬೆ ಕೊಳೀತು ಅಕ್ಕಾ. ಕೊಯ್ಯಲೇಬೇಕಾಯ್ತು."

"ನಾನು ಇಲ್ದೇ ಇದ್ದಾಗ ಕೊಯ್ದೆಯಲ್ಲ, ಒಳ್ಳೇದು ಮಾಡಿದೆ. ನಾನಿದ್ದಿದ್ರೆ ಬಿಡ್ತಿರಲಿಲ್ಲ" ಎಂದು ಅವರೇ ಆಕೆಯ ಬೆನ್ನು ತಟ್ಟಿದರು.

ನಾನೂ ಅಂದು ಅಲ್ಲಿದ್ದೆ. ಕಾಂಡದ ಪೂರ್ವಕ್ಕೆ ಸುಣ್ಣದ ರೈಟು ಗುರುತಿತ್ತು. ಅದು ನನ್ನದಲ್ಲ. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳ ಪುಸ್ತಕಗಳಲ್ಲಿ ಆ ಗುರುತು ಹಾಕಿದವನು ನಾನು. ಚಿಕ್ಕ ಗೆರೆ ಮೊದಲು ಕೆಳಗಿಳಿದು, ದೊಡ್ಡ ಗೆರೆ ಒಂದೇ ಎಳೆತದಲ್ಲಿ ಮೇಲೇರುತ್ತದೆ. ಇಲ್ಲಿ ಎರಡು ಗೆರೆಗಳನ್ನು ಬೇರೆ ಬೇರೆ ಎಳೆದು ಕೂಡಿಸಲಾಗಿತ್ತು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರವನ್ನು ನಕಲು ಮಾಡಿದ ಮಗುವಿನ ಬರಹದಂತೆ. ಕಡ್ಡಿಯಕ್ಕ ನನ್ನ ಮುಖ ನೋಡಲಿಲ್ಲ. ಮಳೆಗೆ ಅಳಿಸಿಹೋಗಿ ಆಕೆ ತಿದ್ದಿರಬಹುದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನವನ್ನು ನಾನು ನಂಬಲಿಲ್ಲವೆಂಬುದೂ ನನಗೆ ತಿಳಿದಿತ್ತು.

ಎಲೆ ಉದುರಿದ ದೇವಕಣಗಿಲೆ ಎಲ್ಲವೂ ಒಂದೇ. ಎಲೆ ಬಂದರೂ ಹೆಚ್ಚಿನ ವ್ಯತ್ಯಾಸವಿಲ್ಲ. ಹೂ ಬಂದರೆ ಮಾತ್ರ ಮುಚ್ಚಿಡಲಾಗದು. ಆ ವರ್ಷ ಕಳೆದು ಬಿಸಿಲುಕಾಲ ಬಂತು. ಟೈಲರಮ್ಮ ಯಂತ್ರವನ್ನು ಕಿಟಕಿಗೆ ಎಳೆದು ಹಾಕಿಕೊಂಡು ಮರವನ್ನೇ ನೋಡುತ್ತಾ ಹೊಲಿಯುತ್ತಿದ್ದರು.

"ಯಾಕೇ ಇನ್ನೂ ಮೊಗ್ಗೇ ಕಾಣ್ತಿಲ್ಲ?"

"ಜಾಗ ಬದಲಾಯಿಸಿದ ಮರ ಅಕ್ಕಾ. ಎರಡು ಮೂರು ವರ್ಷ ಮುನಿಸ್ಕೊಂಡಿರುತ್ತೆ."

"ನನಗಿಂತ ಮುನಿಸು ಜಾಸ್ತಿ ಅದಕ್ಕೆ" ಎಂದು ಟೈಲರಮ್ಮ ನಗುತ್ತಿದ್ದರು.

ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ನಾನು ವಾಯುವಿಹಾರಕ್ಕೆ ಹೊರಟವನು ಆ ಬೀದಿಯಲ್ಲಿ ಹಾದುಹೋದೆ. ಟೈಲರಮ್ಮನ ಮನೆಯ ಬಾಗಿಲು ಇನ್ನೂ ಮುಚ್ಚಿತ್ತು. ಅಂಗಳದಲ್ಲಿ ಕಡ್ಡಿಯಕ್ಕ ಬೋರಲು ಹಾಕಿದ ಬಕೀಟಿನ ಮೇಲೆ ನಿಂತಿದ್ದಳು. ಒಂದು ಕೊಂಬೆಯ ತುದಿಯಲ್ಲಿ ಬೆರಳು ಹಾಕಿ ಏನನ್ನೋ ಮುರಿದಳು. ಸಣ್ಣ ಸದ್ದಾಯಿತು. ಮುರಿದುದನ್ನು ಅಂಗಿಯ ಜೇಬಿಗೆ ಹಾಕಿಕೊಂಡಳು. ಇನ್ನೊಂದು ಕೊಂಬೆಗೆ ಕೈ ಚಾಚುವಾಗ ನನ್ನನ್ನು ಕಂಡಳು.

ಗಿಡಕ್ಕೆ ಹುಳ ಹಿಡಿದಿದೆ ಎಂದಾದರೂ ಹೇಳಬಹುದಾಗಿತ್ತು. ಹೇಳಲಿಲ್ಲ. ಬಕೀಟಿನಿಂದ ಇಳಿದು ಜೇಬಿನ ಮೇಲೆ ಕೈ ಅದುಮಿಕೊಂಡು ಗೇಟಿನ ತನಕ ಬಂದಳು. ಬೆರಳ ತುದಿಗಳಲ್ಲಿ ಬಿಳಿ ಹಾಲು ಅಂಟಿತ್ತು.

"ಕೇಳಬೇಡಿ ಮೇಷ್ಟ್ರೇ" ಎಂದಳು. "ಕೇಳಿದ್ರೆ ಹೇಳಿಬಿಡ್ತೀನಿ. ಆಮೇಲೆ ನೀವೂ ಅದನ್ನ ಹೊತ್ಕೊಂಡು ತಿರುಗಬೇಕಾಗುತ್ತೆ."

ನಾನು ಕೇಳಿದೆ. ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಆಕೆ ಎಲ್ಲವನ್ನೂ ಹೇಳಿದಳು. ಜೇಬಿನಿಂದ ಮೊಗ್ಗುಗಳನ್ನು ತೆಗೆದು ತೋರಿಸಿದಳು. ಸುತ್ತಿದ ಪುಟ್ಟ ಛತ್ರಿಗಳಂತೆ, ಹಸಿರು ಬಿಡದ ಎಳೆಯ ಮೊಗ್ಗುಗಳು, ಇಪ್ಪತ್ತಾದರೂ ಇದ್ದವು. ಮೂರು ವಾರದಿಂದ ದಿನವೂ ಬೆಳಗ್ಗೆ ಇದೇ ಕೆಲಸವಂತೆ. ಜೇಬಿನ ಒಳಗಿನ ಹೂವಿನ ಕೆಂಪು ದಾರಕ್ಕೆ ಹಾಲು ಹತ್ತಿ ಕಪ್ಪಾಗಿತ್ತು.

"ಮೂವತ್ತು ವರ್ಷ ಹೂ ಬರಲಿ ಅಂತ ಮಣ್ಣು ಕೆದಕಿದ ಕೈ ಇದು ಮೇಷ್ಟ್ರೇ. ಈಗ ನೋಡಿ ಏನ್ ಮಾಡ್ತಿದೆ. ಮನೆಗೆ ಹೋಗಿ ಎಷ್ಟು ತಿಕ್ಕಿದ್ರೂ ಅಂಟು ಹೋಗಲ್ಲ. ಅನ್ನ ತಿನ್ನೋಕೆ ಅಸಹ್ಯ ಆಗುತ್ತೆ."

"ಟೈಲರಮ್ಮನಿಗೆ ಹೇಳಿಬಿಡು" ಎಂದೆ.

"ಹೇಳ್ತೀನಿ. ಇನ್ನೊಂದು ಕಣ್ಣಿನ ಆಪರೇಷನ್ ಆಗ್ಲಿ. ಅಳಬಾರದು ಅಂತ ಡಾಕ್ಟರು ಹೇಳಿದ್ದಾರೆ."

ಅದು ನೆಪವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ನಾನು "ಆಯಿತು" ಎಂದೆ. ಸುಳ್ಳು ಹೇಳಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಆ ಒಂದು ಮಾತಿನಿಂದ ಆ ಸುಳ್ಳಿನಲ್ಲಿ ನಾನೂ ಪಾಲುಗಾರನಾದೆ. ಅಂದಿನಿಂದ ಆ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ವಾಯುವಿಹಾರಕ್ಕೆ ಹೋಗತೊಡಗಿದೆ.

ಹತ್ತು ಹನ್ನೆರಡು ದಿನ ಕಳೆದಿರಬಹುದು. ಟೈಲರಮ್ಮ ನಮ್ಮ ಮನೆಯ ಬಾಗಿಲಲ್ಲಿ ನಿಂತು, ಏದುಸಿರು ಬಿಡುತ್ತಾ, "ಮೇಷ್ಟ್ರೇ, ಬನ್ನಿ ಬನ್ನಿ, ಬಿಟ್ಟಿದೆ!" ಎಂದರು. ದಾರಿಯಲ್ಲಿಯೇ ಕಡ್ಡಿಯಕ್ಕನನ್ನೂ ಶಾಲೆಯ ತೋಟದಿಂದ ಕೂಗಿ ಕರೆದುಕೊಂಡರು. ಅವರು ಮುಂದೆ, ನಾವಿಬ್ಬರು ಹಿಂದೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಡೆದದ್ದು ಇಷ್ಟು. ಹೊಸ ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸುವುದು ಟೈಲರಮ್ಮನ ವಾಡಿಕೆ. ಆಮೇಲೆ ಕುಗ್ಗಬಾರದಲ್ಲ. ಆ ದಿನ ಬಟ್ಟೆ ಹರವಲು ಮಾಳಿಗೆಗೆ ಹತ್ತಿದ್ದಾರೆ. ತಗಡಿನ ಸೂರಿನ ಮೇಲೆ ಚಾಚಿದ ಕೊಂಬೆಯೊಂದರ ತುದಿಯಲ್ಲಿ, ಕೆಳಗೆ ನಿಂತವರಿಗೆ ಕಾಣದಂತೆ, ಒಂದು ಗೊಂಚಲು ಅರಳಿತ್ತು. ಕಡ್ಡಿಯಕ್ಕನ ಕಣ್ಣಿಗೂ ತಪ್ಪಿದ್ದ ಗೊಂಚಲು.

ನಾವು ಮೂವರೂ ಮಾಳಿಗೆಯ ಮೇಲೆ ನಿಂತೆವು. ನಡುವೆ ಹಳದಿ, ಸುತ್ತ ಬಿಳಿ. ಶಾಲೆಯ ಕಾಂಪೌಂಡಿನಲ್ಲಿ ದಿನವೂ ಉದುರುವಂಥದೇ ಹೂ. ಅಂಚಿಗೆ ಕೆಂಪು ಗೆರೆ ಇರಲಿಲ್ಲ.

ಟೈಲರಮ್ಮ ಒಂದು ಹೂವನ್ನು ಕಿತ್ತು, ಶಸ್ತ್ರಚಿಕಿತ್ಸೆಯಾದ ಕಣ್ಣಿನ ಹತ್ತಿರ ಹಿಡಿದು, ಎಸಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಬಟ್ಟೆಯ ಹೊಲಿಗೆ ಬಿಟ್ಟಿದೆಯೇ ಎಂದು ನೋಡುವ ರೀತಿಯಲ್ಲಿ. ಬಹಳ ಹೊತ್ತು ನೋಡಿದರು. ಆಮೇಲೆ ಅವರೇ ನಿಧಾನವಾಗಿ ಹೇಳಿದರು:

"ಮಣ್ಣು ಬದಲಾದ್ರೆ ಬಣ್ಣ ಬದಲಾಗುತ್ತೇನೋ. ಅಲ್ವೇನೇ ಕಡ್ಡಿ? ಮೊದಲ್ನೇ ಹೂ ಬೇರೆ. ಬರ್ತಾ ಬರ್ತಾ ಅಂಚು ಕೆಂಪಾಗಬಹುದು. ಅಲ್ವಾ ಮೇಷ್ಟ್ರೇ? ನೀವು ಓದಿದೋರು, ಹೇಳಿ."

ಅವರ ದನಿಯಲ್ಲಿ ಬೇಡಿಕೆಯಿತ್ತು. ಹೌದೆಂದು ಹೇಳಿ ಎಂದು ಬೇಡುತ್ತಿದ್ದರು. ಹೌದೆಂದರೆ ಅಲ್ಲಿಗೆ ಎಲ್ಲವೂ ಮುಗಿಯುತ್ತಿತ್ತು. ಕಡ್ಡಿಯಕ್ಕನ ಹೆಸರು ಉಳಿಯುತ್ತಿತ್ತು, ಟೈಲರಮ್ಮನಿಗೆ ತಾಯಿಯ ಮರ ಉಳಿಯುತ್ತಿತ್ತು. ನೆನೆದ ಬಟ್ಟೆಯಿಂದ ನೀರು ತೊಟ್ಟಿಕ್ಕುವುದನ್ನು ನೋಡುತ್ತಾ ನಿಂತೆ.

ಕಡ್ಡಿಯಕ್ಕ ಅಂಗಿಯ ಜೇಬನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

"ಇಲ್ಲ ಅಕ್ಕಾ" ಎಂದಳು. "ಮಣ್ಣಿಗೆ ಬಣ್ಣ ಬದಲಾಗಲ್ಲ. ಮರ ಬದಲಾಗಿದೆ. ನಿಮ್ಮ ಅಮ್ಮನ ಮರ ಒಂಬತ್ತು ದಿನದ ಮಳೆಗೇ ಸತ್ತುಹೋಯ್ತು. ನಾನೇ ಕೊಂದಿದ್ದು. ಇದು ನನ್ನ ಹಿತ್ತಿಲಿಂದು. ಮೊಗ್ಗು ಬಂದಿರಲಿಲ್ಲ ಅಂತಲ್ಲ, ದಿನಾ ನಾನೇ ಮುರಿದು ಹಾಕ್ತಿದ್ದೆ."

ನಾನೂ ತಿಳಿದೇ ಸುಮ್ಮನಿದ್ದೆನೆಂಬುದನ್ನು ಆಕೆ ಹೇಳಲಿಲ್ಲ. ಅದನ್ನು ನಾನು ಹೇಳಬೇಕಾಗಿತ್ತು. ಹೇಳಿದೆ. ಆದರೆ ಆ ಹೊತ್ತಿಗೆ ಟೈಲರಮ್ಮ ಮೆಟ್ಟಿಲು ಇಳಿಯುತ್ತಿದ್ದರು. ಕೇಳಿಸಿತೋ ಇಲ್ಲವೋ ತಿಳಿಯದು. ಕೆಳಗೆ ಹೊಲಿಗೆ ಯಂತ್ರದ ಸದ್ದು ಕೇಳಿಬಂತು. ನಾವು ಇಳಿದು ಬಾಗಿಲಲ್ಲಿ ನಿಂತೆವು. ಅವರು ತಲೆ ತಗ್ಗಿಸಿಕೊಂಡು ತುಳಿಯುತ್ತಿದ್ದರು. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ, ಸೂಜಿಯಲ್ಲಿ ದಾರವೂ ಇರಲಿಲ್ಲ. ಕಡ್ಡಿಯಕ್ಕ ಅಂಗಿಯನ್ನು ಬಿಚ್ಚಿ, ಮಡಿಸಿ, ಹೊಸ್ತಿಲ ಮೇಲೆ ಇಟ್ಟಳು. ಯಾರೂ ತೆಗೆದುಕೊಳ್ಳಲಿಲ್ಲ.

ಸುದ್ದಿ ಬೀದಿಗೆ ಹಬ್ಬಿಸಿದವಳು ಕಡ್ಡಿಯಕ್ಕನೇ. ಮರ ಸಾಗಿಸಲು ಯಾರಾದರೂ ಕರೆದರೆ, "ಟೈಲರಮ್ಮನ ಮರ ಕೊಂದವಳು ನಾನೇ. ಆಮೇಲೂ ಬೇಕಾದ್ರೆ ಬರ್ತೀನಿ" ಎಂದು ಮೊದಲೇ ಹೇಳುತ್ತಿದ್ದಳು. ಕೆಲವರು ಬೇಡವೆಂದರು. ಅವಮಾನವೆಂದು ಗಂಡ ಬೈದ. "ಅವಮಾನ ಆಗಿದ್ದು ಸುಳ್ಳು ಹೇಳಿದಾಗ. ಆಗ ನೀವು ಲಾರಿಯಲ್ಲಿದ್ರಿ" ಎಂದಳಂತೆ.

ನಾಲ್ಕು ತಿಂಗಳು ಟೈಲರಮ್ಮ ನಮ್ಮಿಬ್ಬರೊಂದಿಗೂ ಮಾತನಾಡಲಿಲ್ಲ. ಎದುರು ಸಿಕ್ಕರೆ ಪಕ್ಕಕ್ಕೆ ಸರಿಯುತ್ತಿದ್ದರು. ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡು ಬಂದ ಮೇಲೆ ಒಂದು ದಿನ ಕಡ್ಡಿಯಕ್ಕನಿಗೆ ಹೇಳಿ ಕಳುಹಿಸಿದರು. ಆಕೆ ಒಬ್ಬಳೇ ಹೋಗಲು ಹೆದರಿ ನನ್ನನ್ನೂ ಕರೆದುಕೊಂಡು ಹೋದಳು. ಟೈಲರಮ್ಮ ಗುಂಡಿಗಳ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು. ಗುಂಡಿಗಳ ನಡುವೆ ಜೋಡಿ ಕೊಂಬಿನಂತಹ ಒಂದು ಒಣಗಿದ ಕಾಯಿ. ಹಳೆಯ ಮನೆ ಬಿಡುವ ವರ್ಷ ಮರದಲ್ಲಿ ಕಟ್ಟಿದ ಕಾಯಿ. ವಿಚಿತ್ರವಾಗಿದೆಯೆಂದು ಎತ್ತಿಟ್ಟು ಮರೆತಿದ್ದರಂತೆ.

ಕಡ್ಡಿಯಕ್ಕ ಅದನ್ನು ಮುಟ್ಟಲಿಲ್ಲ. "ಬೀಜದಲ್ಲಿ ಅದೇ ಹೂ ಬರುತ್ತೆ ಅಂತ ಹೇಳೋಕಾಗಲ್ಲ ಅಕ್ಕಾ" ಎಂದಳು. "ಬರದೇ ಇರೋದೇ ಹೆಚ್ಚು."

"ಗೊತ್ತು" ಎಂದರು ಟೈಲರಮ್ಮ. "ನಿನ್ನ ಹಿತ್ತಿಲಿಗೆ ತಗೊಂಡು ಹೋಗಬೇಡ. ಇಲ್ಲೇ ಹಾಕು. ನನ್ನ ಕಣ್ಣೆದುರಿಗೆ."

ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಇಂದಿಗೂ ಹೇಳಿಲ್ಲ. ಹೊರಡುವಾಗ ಮೇಜಿನ ಕೆಳಗಿನಿಂದ ಆ ಅಂಗಿಯನ್ನು ತೆಗೆದು ಕಡ್ಡಿಯಕ್ಕನ ಕೈಗೆ ಕೊಟ್ಟರು. ಜೇಬಿನ ಒಳಗಿನ ಹೂವನ್ನು ಬಿಚ್ಚಿಹಾಕಿದ್ದರು. ಐದು ಎಸಳಿನ ಜಾಗದಲ್ಲಿ ಸೂಜಿಯ ತೂತುಗಳು ಮಾತ್ರ ಇದ್ದವು.

ಬಿತ್ತಿದ ಬೀಜ ನಲವತ್ತೆರಡು. ಹಳೆಯ ಬೀಜವಾದುದರಿಂದ ಮೊಳೆತದ್ದು ಹದಿಮೂರು, ಬದುಕಿದ್ದು ಒಂಬತ್ತು. ಕಾಗದದ ರೆಕ್ಕೆಯಂತಹ ಆ ಬೀಜಗಳಿಂದ ಎದ್ದ ಎರಡೆಲೆಯ ಸಸಿಗಳು ಇಂದು ಎದೆಯೆತ್ತರ ಬೆಳೆದು, ಟೈಲರಮ್ಮನ ಅಂಗಳದಲ್ಲಿ ಒಂಬತ್ತು ಕುಂಡಗಳಲ್ಲಿ ಸಾಲಾಗಿ ನಿಂತಿವೆ. ನಾಲ್ಕು ವರ್ಷದ ಮೇಲೆ, ಕಳೆದ ಬಿಸಿಲುಕಾಲದಿಂದ ಹೂ ಬಿಡತೊಡಗಿವೆ. ಇದುವರೆಗೆ ಐದು ಗಿಡಗಳು ಹೂ ಬಿಟ್ಟಿವೆ. ಮೂರು ಬರಿ ಬಿಳಿ, ಒಂದು ಮಾಸಲು ಗುಲಾಬಿ, ಒಂದು ಹಳದಿ. ಕೆಂಪು ಅಂಚು ಯಾವುದಕ್ಕೂ ಬಂದಿಲ್ಲ. ಇನ್ನು ನಾಲ್ಕು ಉಳಿದಿವೆ. ಹಿತ್ತಿಲಿನಿಂದ ತಂದ ಬದಲಿ ಮರವೂ ಅಲ್ಲಿಯೇ ಇದೆ. ಕಡ್ಡಿಯಕ್ಕ ಕಿತ್ತುಕೊಂಡು ಹೋಗುತ್ತೇನೆ ಎಂದದ್ದಕ್ಕೆ ಟೈಲರಮ್ಮ, "ಅದೇನು ತಪ್ಪು ಮಾಡಿದೆ, ಇರಲಿ" ಎಂದರಂತೆ.

ಈಗ ಕಡ್ಡಿಯಕ್ಕನಿಗೆ ಶಾಲೆಯ ಕೆಲಸವಿಲ್ಲ. ವಯಸ್ಸಾಯಿತೆಂದು ಬಿಡಿಸಿದರು. ಮರ ಸಾಗಿಸುವ ಕೆಲಸ ಬಂದರೆ ಮೊದಲು ಕೊಂಬೆ ಕೊಯ್ಯುತ್ತಾಳೆ, ಯಾರು ಎಷ್ಟು ಹೊಗಳಿದರೂ ಕೇಳಿಸದವಳಂತೆ. ಪ್ರತಿದಿನ ಬಿಸಿಲೇರುವ ಮುನ್ನ ಟೈಲರಮ್ಮನ ಅಂಗಳಕ್ಕೆ ಬರುತ್ತಾಳೆ. ಟೈಲರಮ್ಮ ಕಿಟಕಿಯ ಬಳಿ ಯಂತ್ರದ ಮುಂದೆ ಕುಳಿತಿರುತ್ತಾರೆ. "ಬಂದೆಯಾ?" "ಬಂದೆ ಅಕ್ಕಾ." ಹೆಚ್ಚಿನ ಮಾತಿಲ್ಲ. ನಾನೂ ಹಳೆಯ ಬೀದಿಯಲ್ಲಿಯೇ ವಾಯುವಿಹಾರಕ್ಕೆ ಹೋಗುತ್ತೇನೆ. ಕರೆದರೆ ಒಳಗೆ ಹೋಗಿ ಕುಳಿತು ಚಹಾ ಕುಡಿಯುತ್ತೇನೆ.

ನಿನ್ನೆ ಆರನೆಯ ಕುಂಡದ ಗಿಡದಲ್ಲಿ ಮೊಗ್ಗು ಕಟ್ಟಿತ್ತು. ಕಡ್ಡಿಯಕ್ಕ ಹತ್ತಿರ ಹೋಗುವ ಮೊದಲು ಕಿಟಕಿಯತ್ತ ತಿರುಗಿ, "ಅಕ್ಕಾ, ಇಲ್ಲಿ ನೋಡಿ" ಎಂದು ಕರೆದಳು. ಟೈಲರಮ್ಮ ಹೊಲಿಗೆ ನಿಲ್ಲಿಸಿ ತಲೆಯೆತ್ತಿದರು. ಆಮೇಲೆ ಕಡ್ಡಿಯಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿ ಮೊಗ್ಗನ್ನು ನೋಡಿದಳು.